ಪ್ರತಿಕಾಯವೆಂಬ ಸಾಕ್ಷಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಇಬ್ಬರು ಹಳೆವಿದ್ಯಾರ್ಥಿಗಳು ಜತೆಯಾಗಿ ಸಿದ್ಧಪಡಿಸಿ ಓದಿದ ಉಪನ್ಯಾಸ)



ಕಾಸರಗೋಡು ಸೀಮೆಯ ಈ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು ಏಳನೆಯ ತರಗತಿಯವರೆಗೆ ಓದಿದ ನಮ್ಮಿಬ್ಬರನ್ನು ಶತಮಾನೋತ್ಸವ ಸಮಿತಿಯವರು ಮರಳಿ ಇದೇ ಅಂಗಳಕ್ಕೆ ಕರೆಸಿಕೊಂಡಿದ್ದಾರೆ. ನಮ್ಮಲ್ಲಿ ಒಬ್ಬರು ಕ್ಯಾನ್ಸರ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಾಕುವ ಸಂಶೋಧನಾಲಯದಲ್ಲಿದ್ದಾರೆ. ಇನ್ನೊಬ್ಬರು ಆಸ್ಪತ್ರೆಯೊಂದರ ರೋಗಲಕ್ಷಣ ಪರೀಕ್ಷೆಯ ವಿಭಾಗದಲ್ಲಿ, ರೋಗಿಗಳ ದೇಹದಿಂದ ತೆಗೆದ ಗಡ್ಡೆಯ ತುಣುಕುಗಳಿಗೆ ಬಣ್ಣ ಕಟ್ಟುವ ಕೆಲಸ ಮಾಡುತ್ತಾರೆ. ಬರಹವನ್ನು ಕೂಡಿ ಬರೆದಿದ್ದೇವೆ. ಓದುವ ಹೊಣೆ ಮಾತ್ರ ಗಂಟಲು ಗಟ್ಟಿಯಿದ್ದವರ ಪಾಲಿಗೆ ಬಂದಿದೆ. ‘ವಿಜ್ಞಾನ ಮತ್ತು ಸಮಾಜ’ ಎಂಬ ವಿಷಯವನ್ನು ಸಮಿತಿಯವರು ಸೂಚಿಸಿದ್ದರು. ಅಷ್ಟು ದೊಡ್ಡ ಹೊರೆಯನ್ನು ಹೊರುವ ಶಕ್ತಿ ನಮಗಿಲ್ಲವೆಂದು ವಿನಂತಿಸಿ, ನಾವು ದಿನವೂ ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ವಸ್ತುವಿನ ಕುರಿತು ಮಾತಾಡಲು ಅಪ್ಪಣೆ ಪಡೆದಿದ್ದೇವೆ.

ಆ ವಸ್ತು ಕಿರುಬೆರಳಿನ ತುದಿಯಷ್ಟು ಗಾತ್ರದ ಪ್ಲಾಸ್ಟಿಕ್ ಕುಪ್ಪಿ. ಅದರೊಳಗೆ ನೀರಿನಂತೆಯೇ ಕಾಣುವ ನೂರು ಮೈಕ್ರೋಲೀಟರ್ ದ್ರವ, ಅಂದರೆ ಎರಡು ಮೂರು ಹನಿ. ಅದರ ಬೆಲೆ ಬಹಳ ಸಲ ಒಬ್ಬ ಸಂಶೋಧನ ವಿದ್ಯಾರ್ಥಿಯ ಒಂದು ತಿಂಗಳ ವಿದ್ಯಾರ್ಥಿವೇತನದ ಸಮೀಪಕ್ಕೆ ಹೋಗುತ್ತದೆ. ಮೇಲಿನ ಚೀಟಿಯಲ್ಲಿ ಒಂದು ಪ್ರೋಟೀನಿನ ಹೆಸರು, ‘ಇಲಿ ಮೂಲದ ಮೊನೊಕ್ಲೋನಲ್, ಮಾನವ ಪ್ರೋಟೀನಿಗೆ’ ಎಂಬ ಒಕ್ಕಣೆ. ಈ ಚೀಟಿಯನ್ನು ನಂಬಿ ಜಗತ್ತಿನ ಸಾವಿರಾರು ಪ್ರಯೋಗಶಾಲೆಗಳು ನಡೆಯುತ್ತಿವೆ. ಆ ನಂಬಿಕೆ ಎಷ್ಟು ಸರಿ, ಎಲ್ಲಿ ತಪ್ಪುತ್ತದೆ, ನಾವೇ ಹೇಗೆ ತಪ್ಪಿದೆವು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಹೆಸರಿನ ವಿಚಾರ. ದೇಹದೊಳಕ್ಕೆ ಹೊರಗಿನ ವಸ್ತು ಹೊಕ್ಕಾಗ ಅದನ್ನು ಹಿಡಿಯಲು ರಕ್ತದಲ್ಲಿ ಹುಟ್ಟುವ ಪ್ರೋಟೀನಿಗೆ ಪ್ರತಿಕಾಯವೆಂಬ ಒಳ್ಳೆಯ ಕನ್ನಡ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ನೆಲೆನಿಂತಿದೆ, ಅದನ್ನೇ ಬಳಸುತ್ತೇವೆ. ಮೊನೊಕ್ಲೋನಲ್ ಎಂಬುದಕ್ಕೆ ‘ಏಕತದ್ರೂಪಿ’ ಮೊದಲಾದ ಪದಗಳನ್ನು ಕೆಲವರು ಕಟ್ಟಿದ್ದಾರೆ. ಪ್ರಯೋಗಶಾಲೆಯಲ್ಲಿ ಯಾರ ಬಾಯಲ್ಲೂ ನಾವು ಕೇಳದ ಮಾತನ್ನು ಮಕ್ಕಳ ಮೇಲೆ ಹೇರುವುದು ಬೇಡವೆಂದು ಮೊನೊಕ್ಲೋನಲ್ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಅರ್ಥ ತಿಳಿದರೆ ಸಾಕು, ಮತ್ತು ಆ ಅರ್ಥ ನಮ್ಮ ತೋಟದಲ್ಲಿಯೇ ಇದೆ.

ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ನೆನೆಯಿರಿ. ಕಾಳು ಬಿದ್ದು ಮೊಳೆತ ಗಿಡ ತಾಯಿಬಳ್ಳಿಯ ಗುಣವನ್ನೇ ಹೊತ್ತು ಬಂದೀತೆಂದು ನಮ್ಮ ಹಿರಿಯರು ಯಾರೂ ನೆಚ್ಚಿದವರಲ್ಲ. ಒಂದು ಗಿಡ ಒಂದು ಬಗೆ, ಇನ್ನೊಂದು ಇನ್ನೊಂದು ಬಗೆ. ಆದುದರಿಂದ ಚೆನ್ನಾಗಿ ಕಾಯುವ ಒಂದು ಬಳ್ಳಿಯನ್ನು ಆರಿಸಿ, ಗಂಟು ಇರುವ ತುಂಡನ್ನು ಕತ್ತರಿಸಿ ನೆಡುತ್ತೇವೆ. ಆ ತುಂಡಿನಿಂದ ಬೆಳೆದ ಬಳ್ಳಿಗಳೆಲ್ಲವೂ ಗುಣದಲ್ಲಿ ಒಂದೇ. ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಪನ್ನಿಯೂರಿನಲ್ಲಿ ಎರಡು ತಳಿಗಳನ್ನು ಕೂಡಿಸಿ ಪಡೆದ ಮಿಶ್ರತಳಿ ಪನ್ನಿಯೂರು-1 ಹೀಗೆಯೇ ತುಂಡುಗಳ ಮೂಲಕ ತೋಟದಿಂದ ತೋಟಕ್ಕೆ ಹಬ್ಬಿತು.

ಒಂದು ಪ್ರಾಣಿಗೆ ಹೊರಗಿನ ಪ್ರೋಟೀನನ್ನು ಚುಚ್ಚಿದರೆ ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಕಾಳಿನಿಂದ ಮೊಳೆತ ಗಿಡಗಳ ಹಾಗೆ. ನೂರಾರು ಬೇರೆ ಬೇರೆ ಕೋಶಗಳು, ಒಂದೊಂದೂ ಆ ಪ್ರೋಟೀನಿನ ಒಂದೊಂದು ಮೂಲೆಯನ್ನು ಹಿಡಿಯುವ ಒಂದೊಂದು ಪ್ರತಿಕಾಯವನ್ನು ಸುರಿಸುತ್ತವೆ. ಪ್ರಾಣಿ ಸತ್ತರೆ ಆ ಮಿಶ್ರಣ ಮತ್ತೆ ಸಿಗುವುದಿಲ್ಲ. ಆ ಕೋಶಗಳಲ್ಲಿ ಒಂದನ್ನು ಆರಿಸಿ ತಟ್ಟೆಯಲ್ಲಿ ಬೆಳೆಸೋಣವೆಂದರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅರ್ಜೆಂಟೀನ ಮೂಲದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ಜಾರ್ಜಸ್ ಕೋಲರ್ ಈ ತೊಡಕನ್ನು ಬಿಡಿಸಿದರು. ಪ್ರತಿಕಾಯ ಸುರಿಸುವ ಇಲಿಯ ಗುಲ್ಮದ ಕೋಶವನ್ನು, ಸಾವೇ ಇಲ್ಲದಂತೆ ಬೆಳೆಯುವ ಇಲಿಯ ಮಜ್ಜೆಯ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಬೆಸುಗೆಯಾಗದ ಕ್ಯಾನ್ಸರ್ ಕೋಶ ಬದುಕಲಾರದಂಥ ಆಹಾರದ್ರವದಲ್ಲಿ ಅವನ್ನು ಇರಿಸಿದರು. ಬೆಸುಗೆಯಾಗದ ಗುಲ್ಮದ ಕೋಶ ತಾನಾಗಿಯೇ ಸತ್ತಿತು. ಉಳಿದದ್ದು ಮಿಶ್ರಕೋಶ ಮಾತ್ರ, ಹೈಬ್ರಿಡೋಮ. ಇಂಥ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಬೆಳೆಸಿದರೆ ಅದರ ಸಂತತಿಯೆಲ್ಲ ಒಂದೇ ಪ್ರತಿಕಾಯವನ್ನು ಸುರಿಸುತ್ತದೆ: ಪನ್ನಿಯೂರಿನ ಬಳ್ಳಿಯ ತುಂಡುಗಳ ಹಾಗೆ. ಮೊದಲು ಮಿಶ್ರಣ, ಆಮೇಲೆ ತುಂಡಿನಿಂದ ತುಂಡಿಗೆ. ಅವರಿಬ್ಬರೂ ಈ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. 1984ರಲ್ಲಿ ನೀಲ್ಸ್ ಯೆರ್ನೆಯವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇನ್ನು ನಮ್ಮಿಬ್ಬರಿಗೂ ತೀರ ಬಳಕೆಯ ಪ್ರತಿಕಾಯವೊಂದರ ಬಳಿಗೆ ಬರುತ್ತೇವೆ. ಅದರ ಹೆಸರು ಡಿಒ-1. ಅದು ಹಿಡಿಯುವುದು ಪಿ53 ಎಂಬ ಮಾನವ ಪ್ರೋಟೀನನ್ನು. ಪಿ53 ಕೋಶದ ಕೇಂದ್ರದಲ್ಲಿರುವ ಕಾವಲುಗಾರ. ಬಿಸಿಲಿನ ಅತಿನೇರಳೆ ಕಿರಣವೋ ಮತ್ತೊಂದೋ ಕೋಶದ ಡಿಎನ್‌ಎಯನ್ನು ಕೆಡಿಸಿದಾಗ ಅದು ಕೋಶವಿಭಜನೆಯನ್ನು ತಡೆದು ನಿಲ್ಲಿಸುತ್ತದೆ; ಕೆಡುಕು ಮಿತಿಮೀರಿದ್ದರೆ ಆ ಕೋಶವನ್ನು ಸಾಯಲು ಹಚ್ಚುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನಿನ ವಂಶವಾಹಿ ಕೆಟ್ಟಿರುತ್ತದೆ. 1979ರಲ್ಲಿ ಇದನ್ನು ಕಂಡುಹಿಡಿದಾಗ ಇದು ಕ್ಯಾನ್ಸರನ್ನು ಉಂಟುಮಾಡುವ ಪ್ರೋಟೀನೆಂದೇ ಬಹುಮಂದಿ ತಿಳಿದಿದ್ದರು. ಹತ್ತು ವರ್ಷ ಅದೇ ಭ್ರಮೆಯಲ್ಲಿ ಕಳೆದ ಮೇಲೆ, ತಾವು ಪರೀಕ್ಷಿಸಿದ್ದು ಕೆಟ್ಟುಹೋದ ಪಿ53ನ್ನು, ನಿಜವಾದ ಪಿ53 ಕ್ಯಾನ್ಸರನ್ನು ತಡೆಯುವಂಥದು ಎಂಬುದು 1989ರ ಹೊತ್ತಿಗೆ ತಿಳಿಯಿತು. ಕಾವಲುಗಾರನನ್ನೇ ಕಳ್ಳನೆಂದು ಹಿಡಿದ ಕತೆ.

ಇದರ ಹೆಸರಿನಲ್ಲಿಯೂ ಒಂದು ತಪ್ಪು ಅಡಗಿದೆ, ಮುಂದೆ ಅದು ನಮ್ಮ ಕತೆಗೆ ಬೇಕಾಗುತ್ತದೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಅಂಟುದ್ರವ್ಯದ ಹಲಗೆಯಲ್ಲಿ, ಅಂದರೆ ಜೆಲ್‌ನಲ್ಲಿ, ಇದು 53 ಕಿಲೋಡಾಲ್ಟನ್ ತೂಗುವ ಪ್ರೋಟೀನು ನಿಲ್ಲುವ ಜಾಗದಲ್ಲಿ ನಿಂತಿತು. ಆದುದರಿಂದ ಪಿ53. ಆದರೆ ಅದರಲ್ಲಿರುವುದು 393 ಅಮೈನೋ ಆಮ್ಲಗಳು, ಲೆಕ್ಕ ಹಾಕಿದರೆ ತೂಕ ಸುಮಾರು 44 ಮಾತ್ರ. ಪ್ರೋಲೀನ್ ಹೆಚ್ಚಾಗಿರುವ ಭಾಗವೊಂದು ಅದರ ಓಟವನ್ನು ನಿಧಾನಗೊಳಿಸುತ್ತದೆ. ಜೆಲ್‌ನಲ್ಲಿ ನಿಂತ ಜಾಗವನ್ನು ನೋಡಿ ಇಂಥದ್ದೇ ಪ್ರೋಟೀನು ಎನ್ನುವುದು ನೆರಳನ್ನು ನೋಡಿ ಆಳಿನ ಎತ್ತರ ಹೇಳಿದ ಹಾಗೆ.

ಡಿಒ-1 ಪ್ರತಿಕಾಯವನ್ನು 1992ರಲ್ಲಿ ಬೋರಿವೊಯ್ ವೊಯ್ಟೆಶೆಕ್, ಡೇವಿಡ್ ಲೇನ್ ಮತ್ತು ಜತೆಗಾರರು ಪ್ರಕಟಿಸಿದರು. ಪ್ರತಿಕಾಯವು ಪ್ರೋಟೀನನ್ನು ಇಡಿಯಾಗಿ ಗುರುತಿಸುತ್ತದೆಂದು ಭಾವಿಸುವುದು ನಾವೆಲ್ಲರೂ ಮೊದಲು ಮಾಡುವ ತಪ್ಪು. ಡಿಒ-1 ಕಾಣುವುದು 393ರಲ್ಲಿ ಬರಿಯ ಆರನ್ನು: 20ರಿಂದ 25ರವರೆಗಿನ ಅಮೈನೋ ಆಮ್ಲಗಳನ್ನು. ಸೆರಿನ್, ಆಸ್ಪಾರ್ಟಿಕ್ ಆಮ್ಲ, ಲ್ಯೂಸಿನ್, ಟ್ರಿಪ್ಟೊಫ್ಯಾನ್, ಲೈಸಿನ್, ಮತ್ತೆ ಲ್ಯೂಸಿನ್. ಅದರ ಜಗತ್ತೆಲ್ಲ ಅಷ್ಟೇ. ಇಲಿಯ ಪಿ53 ನಮ್ಮದನ್ನು ಬಹಳ ಮಟ್ಟಿಗೆ ಹೋಲುತ್ತದೆ, ಆದರೂ ಡಿಒ-1 ಅದನ್ನು ಹಿಡಿಯುವುದಿಲ್ಲ. ಮಾನವಕೋಶಗಳಲ್ಲಿಯೇ ಪಿ53ಯ ಮೊಟಕು ರೂಪಗಳಿವೆ. ಒಂದರಲ್ಲಿ ಮೊದಲ 39 ಅಮೈನೋ ಆಮ್ಲಗಳೇ ಇಲ್ಲ. ಅದು ಡಿಒ-1ರ ಕಣ್ಣೆದುರಿಗಿದ್ದರೂ ಕಾಣದು. ಇನ್ನೂ ಸೂಕ್ಷ್ಮವಾದದ್ದು: ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೋಶವು ಇಪ್ಪತ್ತನೆಯ ಸೆರಿನಿಗೆ ಒಂದು ಫಾಸ್ಫೇಟನ್ನು ಅಂಟಿಸುವುದುಂಟು. ಹಾಗೆ ಅಂಟಿದರೆ ಡಿಒ-1ರ ಹಿಡಿತ ಸಡಿಲಾಗುತ್ತದೆ. ಕಾವಲುಗಾರ ಎಚ್ಚೆತ್ತ ಹೊತ್ತಿನಲ್ಲೇ ಸಾಕ್ಷಿಯ ಕಣ್ಣು ಮಂಜಾಗಬಹುದು!

ಪಿಎಬಿ240 ಎಂಬ ಇನ್ನೊಂದು ಪ್ರತಿಕಾಯವಿದೆ. ಅದು ಹಿಡಿಯುವ ಜಾಗ ಸರಿಯಾಗಿ ಮಡಿಚಿಕೊಂಡ ಪಿ53ಯಲ್ಲಿ ಒಳಗೆ ಹುದುಗಿರುತ್ತದೆ. ಕೆಟ್ಟ ಪಿ53ಯ ಮಡಿಕೆ ಬಿಚ್ಚಿದಾಗ ಹೊರಗೆ ಕಾಣುತ್ತದೆ. ಆದುದರಿಂದ ಕೋಶದ ರಸದಲ್ಲಿ ಅದು ಕೆಟ್ಟದ್ದನ್ನು ಮಾತ್ರ ಆರಿಸಿ ಹಿಡಿಯುತ್ತದೆ. ಅದೇ ರಸವನ್ನು ಸಾಬೂನಿನಂಥ ರಾಸಾಯನಿಕದಲ್ಲಿ ಕುದಿಸಿ ಜೆಲ್‌ಗೆ ಹಾಕಿದರೆ ಎಲ್ಲದರ ಮಡಿಕೆಯೂ ಬಿಚ್ಚಿ, ಒಳ್ಳೆಯದು ಕೆಟ್ಟದು ಎರಡನ್ನೂ ಹಿಡಿಯುತ್ತದೆ. ಒಬ್ಬನೇ ಸಾಕ್ಷಿ, ಒಬ್ಬನೇ ಆರೋಪಿ. ಪ್ರಶ್ನೆ ಕೇಳಿದ ರೀತಿ ಬೇರೆಯಾದರೆ ಉತ್ತರ ಬೇರೆ. ತಾಳಮದ್ದಳೆ ಕೇಳಿ ಬೆಳೆದ ಈ ಊರಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಕೆಲಸದ ಕೋಣೆಗೆ ನಿಮ್ಮನ್ನು ಕರೆದೊಯ್ಯುತ್ತೇವೆ. ಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳನ್ನೆಲ್ಲ ಜೆಲ್‌ನ ಮೇಲ್ತುದಿಯ ಗುಳಿಗಳಲ್ಲಿ ಹಾಕಿ ವಿದ್ಯುತ್ ಹಾಯಿಸುತ್ತೇವೆ. ಒಂದೊಂದು ಗುಳಿಯಿಂದ ಒಂದೊಂದು ಸಾಲಾಗಿ ಪ್ರೋಟೀನುಗಳು ಕೆಳಗಿಳಿಯುತ್ತವೆ; ಹಗುರವಾದವು ಮುಂದೆ, ಭಾರವಾದವು ಹಿಂದೆ. ಅವನ್ನು ಒಂದು ತೆಳುವಾದ ಪೊರೆಯ ಮೇಲೆ ಅಚ್ಚೊತ್ತುತ್ತೇವೆ. ಈ ವಿಧಾನಕ್ಕೆ ‘ವೆಸ್ಟರ್ನ್ ಬ್ಲಾಟ್’ ಎಂದು ಹೆಸರು. ಡಿಎನ್‌ಎಯನ್ನು ಹೀಗೆ ಅಚ್ಚೊತ್ತುವ ಕ್ರಮವನ್ನು ತಂದವರ ಮನೆತನದ ಹೆಸರು ಸದರ್ನ್ ಎಂದಿತ್ತು, ಅದರ ಮೇಲಿನ ಹಾಸ್ಯವಾಗಿ ಇದು ‘ಪಡುವಣ’ದ್ದಾಯಿತು. ಪ್ರತಿಕಾಯವು ಪೊರೆಯ ಎಲ್ಲೆಂದರಲ್ಲಿ ಅಂಟಿಕೊಳ್ಳದಂತೆ ಮೊದಲು ಅದನ್ನು ಕೊಬ್ಬು ತೆಗೆದ ಹಾಲಿನ ಪುಡಿಯ ನೀರಿನಲ್ಲಿ ಅದ್ದಿಡುತ್ತೇವೆ. ಮಕ್ಕಳು ನಗುತ್ತಿದ್ದೀರಿ, ಆದರೆ ನಿಜವಾಗಿಯೂ ಅದು ಅಂಗಡಿಯಲ್ಲಿ ಸಿಗುವಂಥ ಹಾಲಿನ ಪುಡಿಯೇ. ಆಮೇಲೆ ಇಲಿ ಮೂಲದ ಪ್ರತಿಕಾಯ, ಅದರ ಮೇಲೆ ಇಲಿಯ ಪ್ರತಿಕಾಯವನ್ನೇ ಹಿಡಿಯುವ ಆಡಿನ ಪ್ರತಿಕಾಯ. ಆಡಿನದಕ್ಕೆ ಕಟ್ಟಿದ ಕಿಣ್ವವೊಂದು ಬೆಳಕು ಸೂಸುತ್ತದೆ, ಆ ಬೆಳಕಿಗೆ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಇಷ್ಟು ಮಾಡಲು ಎರಡು ದಿನ ಬೇಕು. ಕತ್ತಲಕೋಣೆಯ ಕೆಂಪು ದೀಪದಲ್ಲಿ ಗೆರೆ ಮೂಡುವುದನ್ನು ಕಂಡಾಗಿನ ಸಂತೋಷ ಅನುಭವಿಸಿದವರಿಗೇ ಗೊತ್ತು. ಆ ಸಂತೋಷವೇ ನಮ್ಮನ್ನು ಕೆಡಿಸಿತು.

ಕೆಲವು ವರ್ಷಗಳ ಹಿಂದೆ ನಾವು ಸಂಶೋಧನಾಲಯದಲ್ಲಿ ಪಿ53 ಅಲ್ಲದ ಬೇರೊಂದು ಮಾನವ ಪ್ರೋಟೀನಿನ ಬೆನ್ನು ಹತ್ತಿದ್ದೆವು. ಅದಕ್ಕೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಮೊನೊಕ್ಲೋನಲ್ ಪ್ರತಿಕಾಯವನ್ನು ತರಿಸಿದೆವು. ಮೊದಲ ಸಲವೇ ನಿರೀಕ್ಷಿಸಿದ ತೂಕದ ಜಾಗದಲ್ಲಿ ಒಂದೇ ಒಂದು ಗೆರೆ, ಕಾಡಿಗೆಯಲ್ಲಿ ಬರೆದ ಹಾಗೆ. ಔಷಧ ಹಾಕಿದ ಕೋಶಗಳಲ್ಲಿ ಗೆರೆ ದಪ್ಪವಾಯಿತು, ಹಾಕದವುಗಳಲ್ಲಿ ತೆಳುವಾಗಿತ್ತು. ಎಂಟು ತಿಂಗಳು ಆ ಗೆರೆಯ ಹಿಂದೆಯೇ ಹೋದೆವು. ಒಬ್ಬ ವಿದ್ಯಾರ್ಥಿನಿಯ ಪ್ರಬಂಧದ ಒಂದು ಅಧ್ಯಾಯ ಅದರ ಮೇಲೆಯೇ ನಿಂತಿತು. ಲೇಖನದ ಕರಡು ಸಿದ್ಧವಾಗಿ, ಕೊನೆಯ ಒಪ್ಪಓರಣವಾಗಿ, ಆ ಪ್ರೋಟೀನಿನ ವಂಶವಾಹಿಯನ್ನೇ ಕತ್ತರಿಸಿ ತೆಗೆದ ಕೋಶಗಳನ್ನು ತಯಾರಿಸಿದೆವು. ಪ್ರೋಟೀನು ಇಲ್ಲದಲ್ಲಿ ಗೆರೆಯೂ ಇಲ್ಲವೆಂದು ಒಂದು ಚಿತ್ರ ಹಾಕಿದರೆ ಲೇಖನಕ್ಕೆ ಶೋಭೆಯಲ್ಲವೇ?

ಮೂರನೆಯ ಸಾಲಿಗೆ ಆ ಕೋಶಗಳ ರಸವನ್ನು ಹಾಕಿದೆವು. ಫಿಲ್ಮ್ ತೊಳೆದು ನೋಡಿದರೆ ಮೂರನೆಯ ಸಾಲಿನಲ್ಲಿಯೂ ಅದೇ ಗೆರೆ, ಅಷ್ಟೇ ಕಪ್ಪು.

ಆ ಹೊತ್ತಿನಲ್ಲಿ ನಾವು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಪ್ರತಿಕಾಯವನ್ನು ಸಂದೇಹಿಸಲಿಲ್ಲ, ಕೋಶಗಳನ್ನು ಸಂದೇಹಿಸಿದೆವು. ವಂಶವಾಹಿ ಸರಿಯಾಗಿ ಕತ್ತರಿಸಿಲ್ಲ, ತಟ್ಟೆಗಳು ಅದಲುಬದಲಾಗಿವೆ, ವಿದ್ಯಾರ್ಥಿನಿ ಗುಳಿ ತಪ್ಪಿಸಿದ್ದಾಳೆ ಎಂದೆಲ್ಲ ಅಂದೆವು. ಪಾಪ, ಆಕೆ ಎದುರು ಮಾತಾಡದೆ ಮೂರು ಸಲ ಮತ್ತೆ ಮಾಡಿದಳು. ಕೊನೆಗೆ ಆ ಕೋಶಗಳ ಡಿಎನ್‌ಎಯನ್ನು ಅಕ್ಷರಕ್ಷರವಾಗಿ ಓದಿಸಿದಾಗ ವಂಶವಾಹಿ ಎರಡೂ ಪ್ರತಿಗಳಲ್ಲಿ ಒಡೆದುಹೋಗಿದ್ದುದು ಖಚಿತವಾಯಿತು. ಅಲ್ಲಿ ಆ ಪ್ರೋಟೀನು ಇರಲು ಸಾಧ್ಯವೇ ಇರಲಿಲ್ಲ. ಎಂಟು ತಿಂಗಳು ನಾವು ಅಳೆದದ್ದು ಅದೇ ತೂಕದ ಬೇರೆ ಯಾವುದೋ ಪ್ರೋಟೀನನ್ನು. ಅದು ಯಾವುದೆಂದು ಇಂದಿಗೂ ಹುಡುಕಿಲ್ಲ. ಮಾರಿದವರು ಸೌಜನ್ಯದಿಂದಲೇ ಒಂದು ಕುಪ್ಪಿಯ ಹಣವನ್ನು ಹಿಂದಿರುಗಿಸಿದರು. ವಿದ್ಯಾರ್ಥಿನಿ ಹೊಸ ಅಧ್ಯಾಯ ಬರೆದು ಒಂದು ವರ್ಷ ತಡವಾಗಿ ಪದವಿ ಪಡೆದಳು. ಆಕೆಯಲ್ಲಿ ನಾವು ಕ್ಷಮೆ ಕೇಳಿದ್ದೇವೆ, ಈ ಸಭೆಯಲ್ಲಿ ಮತ್ತೊಮ್ಮೆ ಹೇಳುವುದರಲ್ಲಿ ತಪ್ಪಿಲ್ಲ.

ಆ ರಾತ್ರಿ ನಮ್ಮಿಬ್ಬರ ನಡುವೆ ದೂರವಾಣಿಯಲ್ಲಿ ನಡೆದ ಮಾತು ಈ ಶಾಲೆಗೆ ಸಂಬಂಧಿಸಿದ್ದು. ನಮ್ಮ ವಿಜ್ಞಾನದ ಮಾಸ್ತರರು ಲಿಟ್ಮಸ್ ಕಾಗದದ ಪಾಠ ಮಾಡುವಾಗ ಲಿಂಬೆರಸ, ಸುಣ್ಣದ ತಿಳಿನೀರು ಇವುಗಳ ಜತೆಗೆ ಶಾಲೆಯ ಬಾವಿಯಿಂದ ಸೇದಿದ ಬರಿಯ ನೀರಿನ ಲೋಟವೊಂದನ್ನು ಮೇಜಿನ ಮೇಲೆ ಇಡುತ್ತಿದ್ದರು. ಮೊದಲು ಅದರಲ್ಲಿಯೇ ಅದ್ದಬೇಕು. ‘ಏನೂ ಆಗದ ಕಡೆ ಏನೂ ಆಗುವುದಿಲ್ಲವೆಂದು ಕಂಡ ಮೇಲೆ ಉಳಿದದ್ದನ್ನು ನಂಬು’ ಎನ್ನುತ್ತಿದ್ದರು. ನಮಗೆ ಆಗ ಅದು ವೃಥಾ ಕಾಲಹರಣವೆನಿಸುತ್ತಿತ್ತು. ಕೆಂಪಾಗುವ ಕಾಗದವನ್ನು ನೋಡುವ ಆತುರ. ಮೂರನೆಯ ಸಾಲು ಎಂಬುದು ಆ ನೀರಿನ ಲೋಟವಲ್ಲದೆ ಮತ್ತೇನು? ಮೊದಲ ದಿನ ಮಾಡಬೇಕಾಗಿದ್ದುದನ್ನು ನಾವು ಅಲಂಕಾರಕ್ಕೆಂದು ಕೊನೆಯ ದಿನ ಮಾಡಿದೆವು. ಮಾಸ್ತರರು ಈಗ ನಮ್ಮೊಡನಿಲ್ಲ.

ನಮ್ಮದು ಹಳ್ಳಿಯವರ ಅಜಾಗರೂಕತೆಯೆಂದು ಯಾರಾದರೂ ಎಣಿಸಬಹುದು. ಹಾಗಲ್ಲ. ಕೆನಡಾದ ಟೊರಾಂಟೋದಲ್ಲಿ ಎಲಿಫ್ತೇರಿಯೋಸ್ ಡಯಮಾಂಡಿಸ್ ಅವರ ತಂಡ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ರಕ್ತಪರೀಕ್ಷೆಯಿಂದ ಮುಂಚಿತವಾಗಿ ಕಂಡುಹಿಡಿಯುವ ಆಸೆಯಿಂದ ಸಿಯುಜೆಡ್‌ಡಿ1 ಎಂಬ ಪ್ರೋಟೀನನ್ನು ಅಳೆಯುತ್ತಿತ್ತು. ಕೊಂಡು ತಂದ ಪರೀಕ್ಷಾ ಸಾಮಗ್ರಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಅದರ ಪ್ರತಿಕಾಯ ಹಿಡಿಯುತ್ತಿದ್ದುದು ಸಿಎ125 ಎಂಬ, ಎಲ್ಲರಿಗೂ ಮೊದಲೇ ಗೊತ್ತಿದ್ದ ಬೇರೆ ಪ್ರೋಟೀನನ್ನು. ಅದು ತಿಳಿಯುವಷ್ಟರಲ್ಲಿ ಎರಡು ವರ್ಷ, ಸುಮಾರು ಐದು ಲಕ್ಷ ಡಾಲರ್, ಸಾವಿರಾರು ರೋಗಿಗಳ ರಕ್ತದ ಮಾದರಿ ವ್ಯರ್ಥವಾಗಿದ್ದವು. ಅವರು ಅದನ್ನು ಅಡಗಿಸಿಡದೆ ಪ್ರಕಟಿಸಿದರು ಎಂಬುದಕ್ಕಾಗಿ ನಮಗೆ ಅವರಲ್ಲಿ ಗೌರವ.

ಇನ್ನೊಂದು ನಿದರ್ಶನ ಇನ್ನೂ ದೊಡ್ಡದು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನನ್ನು ಗ್ರಹಿಸುವ ಎರಡನೆಯ ಬಗೆಯ ಪ್ರೋಟೀನು ಬೀಟಾ ಗ್ರಾಹಕ, 1996ರಲ್ಲಿ ಬೆಳಕಿಗೆ ಬಂದದ್ದು. ಸ್ತನದ ಕ್ಯಾನ್ಸರಿನಲ್ಲಿ ಅದು ಎಷ್ಟಿದೆ, ಚಿಕಿತ್ಸೆಗೆ ಹೇಗೆ ಉಪಯೋಗವಾದೀತು ಎಂದು ಎರಡು ದಶಕ ಲೇಖನಗಳು ಬಂದವು, ಒಂದರ ಮಾತು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬಳಕೆಯಲ್ಲಿದ್ದ ಹದಿಮೂರು ಪ್ರತಿಕಾಯಗಳನ್ನು ಸಾಲಾಗಿ ಒರೆಗೆ ಹಚ್ಚಿದರು. ಎಲ್ಲ ಪರೀಕ್ಷೆಗಳಲ್ಲಿಯೂ ನಿಂತದ್ದು ಒಂದೇ ಒಂದು. ಆ ಒಂದರಿಂದ ನೋಡಿದರೆ ಸ್ತನದ ಸಹಜ ಅಂಗಾಂಶದಲ್ಲಾಗಲಿ ಕ್ಯಾನ್ಸರಿನಲ್ಲಾಗಲಿ ಆ ಪ್ರೋಟೀನು ಕಾಣಲೇ ಇಲ್ಲ. ಇಲ್ಲದ್ದನ್ನು ಕುರಿತು ಇಪ್ಪತ್ತು ವರ್ಷ ವಾದ ನಡೆದಿತ್ತು.

ಮೊನೊಕ್ಲೋನಲ್ ಅಂದ ಮೇಲೆ ಒಂದೇ ಬಳ್ಳಿಯ ತುಂಡು ತಾನೇ, ಹಾಗಿದ್ದೂ ಹೀಗೇಕೆ ಎಂದು ನೀವು ಕೇಳಬಹುದು. ನರ್ಸರಿಯಿಂದ ಪನ್ನಿಯೂರೆಂಬ ಚೀಟಿ ಕಟ್ಟಿಸಿಕೊಂಡು ತಂದ ಬಳ್ಳಿ ಮೂರು ವರ್ಷ ಕಳೆದು ಕಾಯಿ ಬಿಟ್ಟಾಗ ಬೇರೆಯೇ ತಳಿಯಾಗಿದ್ದುದನ್ನು ಕಂಡವರು ಈ ಸಭೆಯಲ್ಲಿದ್ದೀರಿ. ಎಲ್ಲ ತುಂಡುಗಳೂ ಒಂದೇ ಎಂಬುದು ಒಂದು ಮಾತು. ಆ ಒಂದು ಯಾವುದು ಎಂಬುದು ಬೇರೆ ಮಾತು. ಪ್ರತಿಕಾಯವೊಂದು ಆರು ಅಮೈನೋ ಆಮ್ಲಗಳ ಗುರುತನ್ನು ಹಿಡಿಯುತ್ತದಾದರೆ, ಅದಕ್ಕೆ ಸಮೀಪವಾದ ಗುರುತು ಮನುಷ್ಯದೇಹದ ಸಾವಿರಾರು ಪ್ರೋಟೀನುಗಳಲ್ಲಿ ಇನ್ನೊಂದರ ಮೈಮೇಲೆಯೂ ಇರಬಹುದು. ಇದಲ್ಲದೆ, ಎಲ್ಲ ತುಂಡುಗಳೂ ಒಂದೇ ಎಂಬ ಮೊದಲ ಮಾತು ಕೂಡ ಯಾವಾಗಲೂ ನಿಜವಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 185 ಹೈಬ್ರಿಡೋಮಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಂದು ಪಾಲಿನವು ಮುಖ್ಯ ಪ್ರತಿಕಾಯದ ಜತೆಗೆ ಬೇರೆ ಸರಪಳಿಗಳನ್ನೂ ತಯಾರಿಸುತ್ತಿದ್ದವು. ಕಸಿಯ ಕೆಳಗಿನಿಂದ ಕಾಡುಚಿಗುರು ಎದ್ದ ಹಾಗೆ.

ಇದಕ್ಕೆ ಪರಿಹಾರದ ದಾರಿಯೂ ತೆರೆಯುತ್ತಿದೆ. ಪ್ರತಿಕಾಯವನ್ನು ರೂಪಿಸುವ ಡಿಎನ್‌ಎಯ ಅಕ್ಷರಗಳನ್ನು ಓದಿ ಬರೆದಿಟ್ಟುಕೊಂಡರೆ ಇಲಿಯೂ ಬೇಡ, ಹೈಬ್ರಿಡೋಮವೂ ಬೇಡ. ಬೇಕಾದಾಗ ಅದೇ ಬರಹದಿಂದ ಅದನ್ನೇ ತಯಾರಿಸಬಹುದು. ಕೆನಡಾದಲ್ಲಿ ಆರಂಭವಾದ ‘ವೈಕಾರೋಸ್’ ಎಂಬ ಯೋಜನೆಯವರು 65 ಮಾನವ ಪ್ರೋಟೀನುಗಳಿಗೆ ಮಾರಾಟದಲ್ಲಿದ್ದ 614 ಪ್ರತಿಕಾಯಗಳನ್ನು, ವಂಶವಾಹಿ ತೆಗೆದ ಕೋಶಗಳನ್ನು ಪಕ್ಕದಲ್ಲಿಟ್ಟುಕೊಂಡೇ ಪರೀಕ್ಷಿಸಿ 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೀಗೆ ಬರಹದಿಂದ ತಯಾರಿಸಿದವೇ ಉಳಿದವುಗಳಿಗಿಂತ ಚೆನ್ನಾಗಿ ನಿಂತವು. ಮಾರುವ ಕಂಪನಿಗಳೂ ಆ ಕೆಲಸದಲ್ಲಿ ಕೈಗೂಡಿಸಿ, ಸೋತ ಕೆಲವನ್ನು ಮಾರಾಟದಿಂದ ಹಿಂತೆಗೆದವು ಎಂಬುದು ಸಮಾಧಾನದ ಸಂಗತಿ. ನಮ್ಮಂಥ ಸಣ್ಣ ಪ್ರಯೋಗಶಾಲೆಗಳಿಗೆ ಬೆಲೆಯೇ ದೊಡ್ಡ ಅಡ್ಡಿ.

ಸಂಶೋಧನಾಲಯದಲ್ಲಿ ತಪ್ಪಿದರೆ ಹಾಳಾಗುವುದು ಕಾಲ, ಹಣ, ಒಬ್ಬರ ಪ್ರಬಂಧ. ಆಸ್ಪತ್ರೆಯ ಮಾತು ಹಾಗಲ್ಲ. ಅಲ್ಲಿ ಡಿಒ-1ರ ಸೋದರನಂತಿರುವ ಡಿಒ-7 ಎಂಬ ಪ್ರತಿಕಾಯ ಬಳಕೆಯಲ್ಲಿದೆ. ಗರ್ಭಕೋಶ, ಅಂಡಾಶಯ ಇವುಗಳ ಗಡ್ಡೆಯನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಗಾಜಿನ ಮೇಲೆ ಹರಡಿ, ಪಿ53 ಇದ್ದಲ್ಲಿ ಕಂದು ಬಣ್ಣ ಬರುವಂತೆ ಮಾಡುತ್ತೇವೆ. ಸಹಜ ಕೋಶದಲ್ಲಿ ಪಿ53 ಹುಟ್ಟಿದ ಕೆಲವೇ ನಿಮಿಷಗಳಲ್ಲಿ ನಾಶವಾಗುವುದರಿಂದ ಅಲ್ಲಲ್ಲಿ ಮಾಸಲು ಚುಕ್ಕೆಗಳು ಮಾತ್ರ ಕಾಣುತ್ತವೆ. ವಂಶವಾಹಿ ಕೆಟ್ಟು ಪ್ರೋಟೀನು ರೂಪಗೆಟ್ಟಿದ್ದರೆ ಅದು ನಾಶವಾಗದೆ ಗುಡ್ಡೆಬೀಳುತ್ತದೆ, ಗಡ್ಡೆಯ ಕೋಶಕೇಂದ್ರಗಳೆಲ್ಲ ಗಾಢ ಕಂದಾಗುತ್ತವೆ. ಇಷ್ಟಾದರೆ ಸುಲಭವಿತ್ತು. ಕೆಲವು ಗಡ್ಡೆಗಳಲ್ಲಿ ವಂಶವಾಹಿ ಎಷ್ಟು ಕೆಟ್ಟಿರುತ್ತದೆಂದರೆ ಪ್ರೋಟೀನೇ ತಯಾರಾಗುವುದಿಲ್ಲ. ಆಗ ಒಂದು ಚುಕ್ಕೆಯೂ ಇಲ್ಲ, ಎಲ್ಲವೂ ಖಾಲಿ. ಆ ಖಾಲಿಯೂ ಕೆಡುಕಿನ ಚಿಹ್ನೆಯೇ.

ಆದರೆ ಬಣ್ಣ ಕಟ್ಟುವ ಕೆಲಸ ತಪ್ಪಿದರೂ ಎಲ್ಲವೂ ಖಾಲಿಯೇ ಅಲ್ಲವೇ?

ಒಂದು ಮುಂಜಾನೆ ನಮ್ಮ ಕೈಗೆ ಬಂದ ಗಾಜಿನಲ್ಲಿ ಗಡ್ಡೆಯ ಕೋಶಗಳು ಸಂಪೂರ್ಣ ಖಾಲಿಯಾಗಿದ್ದವು. ನೋಡಿದವರೆಲ್ಲರೂ ‘ಪಿ53 ಇಲ್ಲ’ ಎಂದರು. ಹಾಗೆ ಬರೆದಿದ್ದರೆ ಗರ್ಭಕೋಶದ ಆ ಗಡ್ಡೆ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತಿತ್ತು, ಆ ಹೆಂಗಸಿಗೆ ಕೊಡುವ ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಕಠಿಣವಾಗುತ್ತಿತ್ತು. ವರದಿ ಬರೆಯುವ ಮೊದಲು ಗಡ್ಡೆಯ ಅಂಚಿನಾಚೆಗೆ ಸೂಕ್ಷ್ಮದರ್ಶಕವನ್ನು ಸರಿಸಿದೆವು. ಅಲ್ಲಿನ ಸಹಜ ಕೋಶಗಳಲ್ಲಿ, ರಕ್ತನಾಳದ ಒಳಪದರದಲ್ಲಿ ಒಂದೆರಡಾದರೂ ಮಾಸಲು ಚುಕ್ಕೆ ಇರಲೇಬೇಕು. ಇರಲಿಲ್ಲ. ಅಂದರೆ ಖಾಲಿಯಾಗಿದ್ದುದು ಗಡ್ಡೆಯಲ್ಲ, ನಮ್ಮ ಪರೀಕ್ಷೆ. ವಿಚಾರಿಸಿದಾಗ ಹಿಂದಿನ ಸಂಜೆ ಒಂದು ಹಂತ ಬಿಟ್ಟುಹೋಗಿತ್ತೆಂದು ತಿಳಿಯಿತು. ಅದೇ ಮೇಣದ ತುಂಡಿನಿಂದ ಹೊಸದಾಗಿ ಸೀಳಿ ಬಣ್ಣ ಕಟ್ಟಿದೆವು. ಮರುದಿನ ಗಡ್ಡೆಯಲ್ಲಿಯೂ ಸುತ್ತಲಿನಲ್ಲಿಯೂ ಅಲ್ಲಲ್ಲಿ ಮಾಸಲು ಚುಕ್ಕೆಗಳು ಕಂಡವು, ಸಹಜ ಪಿ53ಯ ಚುಕ್ಕೆಗಳು. ಆ ಹೆಂಗಸಿಗೆ ಈ ಒಂದು ದಿನದ ವಿಳಂಬದ ಕಾರಣ ತಿಳಿದಿರಲಾರದು. ಮೂರನೆಯ ಸಾಲಿನ ಪೆಟ್ಟು ತಿನ್ನದೆ ಇದ್ದಿದ್ದರೆ ಆ ಮುಂಜಾನೆ ಗಡ್ಡೆಯ ಅಂಚಿನಾಚೆಗೆ ನೋಡುತ್ತಿದ್ದೆವೋ ಇಲ್ಲವೋ ಎಂದು ನಮ್ಮನ್ನು ನಾವೇ ಕೇಳಿಕೊಂಡದ್ದುಂಟು.

ಈಗ ನಮ್ಮ ಎರಡೂ ಕೋಣೆಗಳಲ್ಲಿ ಹೊಸ ಕುಪ್ಪಿ ಬಂದ ದಿನವೇ ಅದನ್ನು ಖಾಲಿ ಕೋಶಗಳ ಮೇಲೆ ಪ್ರಯೋಗಿಸುತ್ತೇವೆ. ಪಿ53ಗೆ ಇದು ಕಷ್ಟವಲ್ಲ: ಎಚ್1299 ಎಂಬ ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಹುಟ್ಟಿನಿಂದಲೇ ಅದು ಇಲ್ಲ, ಆ ಕೋಶಗಳನ್ನು ನಾವು ಸಾಕಿಕೊಂಡಿದ್ದೇವೆ. ಅದೇ ಹೆಸರಿನ ಕುಪ್ಪಿ ಎರಡನೆಯ ಸಲ ಬಂದರೂ ಮತ್ತೆ ಪರೀಕ್ಷೆ. ಕುಪ್ಪಿಯ ಕ್ರಮಸಂಖ್ಯೆ, ತಯಾರಾದ ತಂಡದ ಸಂಖ್ಯೆ, ಬಂದ ತಾರೀಕು ಇವನ್ನು ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಡುತ್ತೇವೆ. ಆ ಪುಸ್ತಕ ಕನ್ನಡದಲ್ಲಿದೆ. ಮಲಯಾಳಂ, ತಮಿಳು ಮಾತಾಡುವ ಸಹೋದ್ಯೋಗಿಗಳು ಮೊದಲು ಆಕ್ಷೇಪಿಸಿದರು, ಈಗ ಅವರೂ ಅಂಕಣಗಳ ತಲೆಬರಹಗಳನ್ನು ಓದಲು ಕಲಿತಿದ್ದಾರೆ.

ಶಾಲೆಗೆ ಕೊಡಲು ನಮ್ಮಲ್ಲಿ ದೊಡ್ಡ ಕಾಣಿಕೆಯಿಲ್ಲ. ಚೌಕಟ್ಟು ಹಾಕಿಸಿದ ಎರಡು ಫಿಲ್ಮುಗಳನ್ನು ತಂದಿದ್ದೇವೆ. ಒಂದು ಡಿಒ-1ರದು, ಅದರಲ್ಲಿ ಎಚ್1299 ಕೋಶಗಳ ಸಾಲು ಖಾಲಿಯಿದೆ. ಇನ್ನೊಂದು ನಮ್ಮ ಆ ಎಂಟು ತಿಂಗಳದ್ದು. ಎರಡನ್ನೂ ವಿಜ್ಞಾನದ ಕೋಣೆಯಲ್ಲಿ, ಮಾಸ್ತರರು ನೀರಿನ ಲೋಟ ಇಡುತ್ತಿದ್ದ ಮೇಜಿನ ಹಿಂದಿನ ಗೋಡೆಯಲ್ಲಿ, ಅಕ್ಕಪಕ್ಕ ತೂಗುಹಾಕಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ಮಕ್ಕಳು ಎಡದಿಂದ ಎಣಿಸಿ ಮೂರನೆಯ ಸಾಲನ್ನು ನೋಡಬೇಕು.